ಹೊಸ ಫ್ಲ್ಯಾಟ್, ಕೈಯಲ್ಲಿ 45 ಸಾವಿರ: ಯಾವ ಕೆಲಸ ನಾವೇ ಮಾಡಿಕೊಳ್ಳಬಹುದು?

ಹೊಸಮನೆಯವಳು:

ಎಲ್ಲರಿಗೂ ನಮಸ್ಕಾರ. ಹೆಸರಘಟ್ಟ ರಸ್ತೆ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ತೆಗೆದುಕೊಂಡಿದ್ದೇವೆ. ಗೃಹಪ್ರವೇಶ ಆಯಿತು, ಹಾಲು ಉಕ್ಕಿತು, ಮರುತಿಂಗಳೇ ಸಾಲದ ಕಂತೂ ಶುರುವಾಯಿತು. ಅಡುಗೆಮನೆ ಕಪಾಟು, ಎರಡು ವಾರ್ಡ್‌ರೋಬ್ ಬಿಲ್ಡರ್ ಕಡೆಯಿಂದಲೇ ಬಂದಿವೆ. ಉಳಿದದ್ದೆಲ್ಲ ಖಾಲಿ. ಹಾಲ್‌ನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಟಿವಿ, ನೆಲದ ಮೇಲೆ ರಟ್ಟಿನ ಡಬ್ಬಗಳಲ್ಲಿ ಪುಸ್ತಕ, ಕಿಟಕಿಗಳಿಗೆ ಸದ್ಯಕ್ಕೆ ಹಳೆಯ ಬೆಡ್‌ಶೀಟು.

ಇಂಟೀರಿಯರ್‌ನವರು ಬಂದು ನೋಡಿದರು. ಫಾಲ್ಸ್ ಸೀಲಿಂಗ್, ಟಿವಿ ಹಿಂದೆ ಪ್ಯಾನೆಲ್, ವಾಲ್‌ಪೇಪರ್, ಎಲ್ಲ ಸೇರಿ ಆರು ಲಕ್ಷ ಅಂದರು. ಕಾಫಿ ಕೊಟ್ಟು ಕಳಿಸಿದೆವು. ನಮ್ಮ ಹತ್ತಿರ ಈಗ ಇರುವುದು 45 ಸಾವಿರ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ. ಯಜಮಾನರಿಗೆ ಭಾನುವಾರ ಬಿಡುವು, ಕೈಕೆಲಸ ಮಾಡುವ ಆಸೆಯೂ ಇದೆ. ಯೂಟ್ಯೂಬ್ ನೋಡಿ ಪ್ಯಾಲೆಟ್ ಮರದಿಂದ (ಸರಕು ಸಾಗಿಸಲು ಬಳಸುವ ಮರದ ಚೌಕಟ್ಟು) ಸೋಫಾ ಮಾಡುತ್ತೇನೆ ಅಂತ ಕೂತಿದ್ದಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಹಾಲ್‌ನ ಒಂದು ಗೋಡೆಗೆ ಬಣ್ಣ, ಪರದೆ, ಪುಸ್ತಕಕ್ಕೆ ಶೆಲ್ಫ್, ಬಾಲ್ಕನಿಗೆ ನಾಲ್ಕು ಗಿಡ, ಇಷ್ಟಾದರೆ ಸಾಕು. ಇದರಲ್ಲಿ ಯಾವುದನ್ನು ನಾವೇ ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು? ನಮ್ಮ ಊರು ಬಾಗಲಕೋಟೆ ಕಡೆ, ಅವ್ವನ ಟ್ರಂಕಿನಲ್ಲಿ ಉಡದೆ ಇಟ್ಟ ಹಳೆಯ ಇಳಕಲ್ ಸೀರೆಗಳಿವೆ. ಅವುಗಳಿಂದ ಏನಾದರೂ ಮಾಡಲು ಸಾಧ್ಯವಾ?

ಬಣ್ಣದ ಮೇಸ್ತ್ರಿ, ಮೈಸೂರು:

ಮೇಡಂ, ಒಂದು ಗೋಡೆಗೆ ಬಣ್ಣ ಧಾರಾಳವಾಗಿ ನೀವೇ ಹೊಡೆಯಬಹುದು. ಇದು ನನ್ನ ಹೊಟ್ಟೆಪಾಡಿನ ಕೆಲಸ, ಆದರೂ ಹೇಳುತ್ತೇನೆ, ಒಂದು ಗೋಡೆಗೆ ಅಂತ ಕರೆದರೆ ನಮ್ಮವರು ಬರುವುದೂ ಇಲ್ಲ, ಬಂದರೆ ಕೇಳುವ ಕೂಲಿಗೆ ನಿಮಗೆ ಗಿಟ್ಟುವುದೂ ಇಲ್ಲ.

ಮೊದಲು ಗೋಡೆಯನ್ನು ಅಂಗೈಯಿಂದ ಜೋರಾಗಿ ಉಜ್ಜಿ ನೋಡಿ. ಬಿಳಿ ಪುಡಿ ಕೈಗೆ ಹತ್ತಿದರೆ ಬಿಲ್ಡರ್ ಹೊಡೆಸಿದ್ದು ಅಗ್ಗದ ಡಿಸ್ಟೆಂಪರ್ ಅಂತ ಅರ್ಥ. ಅದರ ಮೇಲೆ ನೇರವಾಗಿ ಎಮಲ್ಷನ್ ಹೊಡೆದರೆ ಒಂದೆರಡು ವರ್ಷದಲ್ಲಿ ಹಪ್ಪಳದ ಹಾಗೆ ಏಳುತ್ತದೆ. ಎಮರಿ ಪೇಪರ್‌ನಲ್ಲಿ ಉಜ್ಜಿ, ಧೂಳು ಒರೆಸಿ, ಒಂದು ಕೋಟ್ ವಾಟರ್ ಪ್ರೈಮರ್ ಹೊಡೆದು, ಅದು ಒಣಗಿದ ಮೇಲೆ ಬಣ್ಣ. ಪುಡಿ ಬರದಿದ್ದರೆ ಸುಮ್ನೆ ಹಗುರವಾಗಿ ಉಜ್ಜಿಕೊಂಡರೆ ಸಾಕು.

ಇನ್ನೊಂದು ವಿಷಯ. ಕಟ್ಟಡ ಹೊಸದು ಅಂದಿರಿ. ಗೋಡೆಯ ಕೆಳಭಾಗದಲ್ಲಿ, ಬಾತ್‌ರೂಮ್ ಹಿಂಬದಿಯಲ್ಲಿ ಬಿಳಿ ಉಪ್ಪಿನ ಹಾಗೆ ಏನಾದರೂ ಉಬ್ಬಿದೆಯಾ ನೋಡಿ. ಇದ್ದರೆ ಗೋಡೆಯೊಳಗೆ ಇನ್ನೂ ತೇವ ಇದೆ. ಆಗ ಎಷ್ಟೇ ದುಬಾರಿ ಬಣ್ಣ ತಂದರೂ ನಿಲ್ಲುವುದಿಲ್ಲ, ತೇವ ಎಲ್ಲಿಂದ ಬರುತ್ತಿದೆ ಅಂತ ಬಿಲ್ಡರ್‌ಗೆ ತೋರಿಸಿ ಸರಿ ಮಾಡಿಸಿ. ಮನೆ ಹಸ್ತಾಂತರ ಆದ ಹೊಸದರಲ್ಲೇ ಬರವಣಿಗೆಯಲ್ಲಿ ಕೊಡಿ, ಆಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಲೆಕ್ಕ ಹೀಗೆ. ಗೋಡೆ 12 ಅಡಿ ಅಗಲ, 10 ಅಡಿ ಎತ್ತರ ಅಂದುಕೊಳ್ಳಿ, 120 ಚದರಡಿ. ಎರಡು ಕೋಟ್ ಅಂದರೆ 240. ನಯವಾದ ಗೋಡೆಯಲ್ಲಿ ಒಂದು ಲೀಟರ್ ಎಮಲ್ಷನ್ ಒಂದು ಕೋಟ್‌ಗೆ ಹೆಚ್ಚುಕಡಿಮೆ 120ರಿಂದ 140 ಚದರಡಿ ಬರುತ್ತದೆ. ಹಾಗಾಗಿ ಎರಡು ಲೀಟರ್ ಸಾಕು. ಅಂಗಡಿಯವನು ನಾಲ್ಕು ಲೀಟರ್ ಡಬ್ಬ ತೆಗೆದುಕೊಳ್ಳಿ, ಲಾಭ ಅನ್ನುತ್ತಾನೆ, ಬೇಡ ಅನ್ನಿ. ಮೆಷಿನ್‌ನಲ್ಲಿ ಬಣ್ಣ ಬೆರೆಸಿದ ಡಬ್ಬವನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಬಣ್ಣದ ಕೋಡ್ ನಂಬರನ್ನು ವಾರ್ಡ್‌ರೋಬ್ ಬಾಗಿಲಿನ ಒಳಗೆ ಬರೆದಿಡಿ, ಮುಂದೆ ಟಚಪ್‌ಗೆ ಬೇಕಾಗುತ್ತದೆ.

ಒಂಬತ್ತು ಇಂಚಿನ ರೋಲರ್, ಅಂಚಿಗೆ ಎರಡು ಇಂಚಿನ ಬ್ರಷ್, ಮಾಸ್ಕಿಂಗ್ ಟೇಪ್. ಮೊದಲು ಬ್ರಷ್‌ನಲ್ಲಿ ಮೂಲೆ, ಸೀಲಿಂಗ್ ಅಂಚು, ಸ್ವಿಚ್‌ಬೋರ್ಡ್ ಸುತ್ತ ಮುಗಿಸಿ, ಆಮೇಲೆ ರೋಲರ್. ಮಧ್ಯೆ ಊಟಕ್ಕೆ ಏಳಬೇಡಿ, ಅರ್ಧಕ್ಕೆ ನಿಲ್ಲಿಸಿದರೆ ಆ ಗೆರೆ ಎದ್ದು ಕಾಣುತ್ತದೆ. ಟೇಪನ್ನು ಎರಡನೇ ಕೋಟ್ ಪೂರ್ತಿ ಒಣಗುವ ಮೊದಲೇ ಕೀಳಿ, ಇಲ್ಲದಿದ್ದರೆ ಬಣ್ಣವೂ ಜೊತೆಗೆ ಎದ್ದು ಬರುತ್ತದೆ. ಕಡು ಬಣ್ಣ ಆರಿಸಿದರೆ ಮೂರನೇ ಕೋಟ್ ಬೇಕಾಗಬಹುದು, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಧಾರವಾಡದಾಕೆ:

ಇಳಕಲ್ ಸೀರೆ ಅಂದ ಕೂಡಲೇ ನಿಲ್ಲಲಿಕ್ಕೆ ಆಗಲಿಲ್ಲ. ತಂಗಿ, ಅದಕ್ಕಿಂತ ಚಂದದ ಪರದೆ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಕತ್ತರಿ ಹಾಕುವ ಮೊದಲು ಅವ್ವನನ್ನು ಕೇಳು. ಯಾವುದು ಮದುವೆಯ ಸೀರೆ, ಯಾವುದು ಯಾರು ಉಡಿಸಿದ್ದು ಅನ್ನುವುದು ಅವರಿಗಷ್ಟೇ ಗೊತ್ತಿರುತ್ತದೆ. ಒಪ್ಪಿಗೆ ಸಿಕ್ಕ ಸೀರೆಯನ್ನು ಬೆಳಕಿಗೆ ಹಿಡಿದು ನೋಡು. ಮಡಿಕೆ ಬಿದ್ದ ಜಾಗದಲ್ಲಿ ಎಳೆ ಸವೆದು ಹಿಂಜಿದ್ದರೆ ಪರದೆ ಬೇಡ, ಕೌದಿಗೆ, ಅಂದರೆ ಹಳೆ ಬಟ್ಟೆ ಜೋಡಿಸಿ ಹೊಲಿಯುವ ಹೊದಿಕೆಗೆ ಇಡು. ಗಟ್ಟಿ ಇದ್ದರೆ ಬಿಳಿ ಬಟ್ಟೆ ಒದ್ದೆ ಮಾಡಿ ದಡಿಯ ಮೇಲೆ ಉಜ್ಜು. ಬಣ್ಣ ಬಿಡುತ್ತಿದ್ದರೆ ಬೇರೆಯಾಗಿ ತಣ್ಣೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದ ಮೇಲೆಯೇ ಹೊಲಿಗೆ.

ಅಳತೆ ಹೇಳುತ್ತೇನೆ. ಸಾಮಾನ್ಯ ಸೀರೆ ಐದೂವರೆ ಮೀಟರ್, ಅಂದರೆ 18 ಅಡಿ. ಅಗಲ ಸುಮಾರು 45 ಇಂಚು. ಬಾಗಿಲಿಗಾದರೆ ಮಡಿಕೆ ಸೇರಿ ಏಳೂವರೆ ಅಡಿಯಂತೆ ಎರಡು ತುಂಡು, 15 ಅಡಿ ಆಯಿತು. ಉಳಿದ ಮೂರು ಅಡಿಯಲ್ಲಿ ಸೆರಗು ಬರುತ್ತದೆ. ಆ ಕೆಂಪು-ಬಿಳಿ ಸೆರಗನ್ನು ಪರದೆಯೊಳಗೆ ಸೇರಿಸಿ ಹಾಳು ಮಾಡಬೇಡ, ದಿಂಬಿನ ಕವರ್ ಮಾಡು. ನಾಲ್ಕು ಅಡಿ ಎತ್ತರದ ಕಿಟಕಿ ಆದರೆ ಐದೈದು ಅಡಿಯ ಮೂರು ತುಂಡು ಬರುತ್ತವೆ, ಐದು ಅಡಿ ಅಗಲದ ಕಿಟಕಿಗೆ ನೆರಿಗೆ ತುಂಬಿಕೊಂಡು ಕೂಡುತ್ತದೆ. ಪರದೆಗೆ ಬಟ್ಟೆ ಯಾವಾಗಲೂ ಕಿಟಕಿಯ ಅಗಲದ ಎರಡು ಪಟ್ಟು ಇರಬೇಕು, ಅದಕ್ಕಿಂತ ಕಡಿಮೆಯಾದರೆ ಒಣಗಲು ಹಾಕಿದ ಟವೆಲ್ ತರ ಕಾಣುತ್ತದೆ.

ಹಿಂದೆ ಅಸ್ತರ್ ಹಚ್ಚಲೇಬೇಕು. ಬಿಸಿಲಿಗೆ ರೇಷ್ಮೆ ಎಳೆ ಬೇಗ ಸಾಯುತ್ತದೆ, ಬಣ್ಣವೂ ಹೋಗುತ್ತದೆ. ಬಿಳಿ ಕಾಟನ್ ಅಸ್ತರ್ ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆ. ಪಶ್ಚಿಮಕ್ಕೆ ಮುಖ ಇರುವ ಕಿಟಕಿಗೆ ಮಾತ್ರ ಸೀರೆ ಬೇಡ, ದಪ್ಪ ಹ್ಯಾಂಡ್‌ಲೂಮ್ ಬಟ್ಟೆ ಹಾಕು.

ಸವೆದ ಸೀರೆಗಳಿಗೆ ಕೌದಿ. ನಮ್ಮ ಕಡೆ ಇನ್ನೂ ಹೊಲಿದುಕೊಡುವ ಹೆಂಗಸರಿದ್ದಾರೆ, ನಿಮ್ಮ ಊರಲ್ಲೂ ಸಿಗುತ್ತಾರೆ. ಬಟ್ಟೆ ನಾವೇ ಕೊಟ್ಟರೆ ಹೊಲಿಗೆ ಕೂಲಿ ಮಾತ್ರ. ಅದನ್ನು ದಿವಾನ್ ಮೇಲೆ ಹಾಸಿದರೆ ಸೋಫಾ ಇಲ್ಲ ಅನ್ನುವ ಚಿಂತೆ ಅರ್ಧ ಹೋಯಿತು. ಮಂದಿ ಬಂದರೆ ನೆಲದ ಮೇಲೆ ನವಲಗುಂದದ ಜಮಖಾನ. ಅದಕ್ಕೆ ಜಿಐ ಟ್ಯಾಗ್ ಕೂಡ ಇದೆ, ನೇಯುವವರು ಅಲ್ಲಿಯ ಹೆಣ್ಣುಮಕ್ಕಳು. ದುಡ್ಡು ಸ್ವಲ್ಪ ಜಾಸ್ತಿ, ಆದರೆ ವರ್ಷಗಟ್ಟಲೆ ಬಾಳುತ್ತದೆ. ಜಮಖಾನ ಹಾಸಿ ಲೋಡು ಇಟ್ಟು ಕೂತರೆ ಯಾವ ಸೋಫಾ ಬೇಕು ಹೇಳು.

ಲೆಕ್ಕದವನು:

ಎಲ್ಲರೂ ಹುರುಪು ತುಂಬುತ್ತಿದ್ದೀರಿ, ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ಯಾಲೆಟ್ ಸೋಫಾ ಬಿಟ್ಟುಬಿಡಿ. ವೀಡಿಯೊದಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಫ್ಲ್ಯಾಟಿನೊಳಗೆ ಮುಗಿಯುವುದಿಲ್ಲ. ಮೊಳೆ ಕೀಳಬೇಕು, ಉಜ್ಜಬೇಕು, ಆ ಧೂಳು ಅಡುಗೆಮನೆ ತನಕ ಹೋಗುತ್ತದೆ, ಪಕ್ಕದ ಮನೆಯವರು ಅಸೋಸಿಯೇಷನ್‌ಗೆ ದೂರು ಕೊಡುತ್ತಾರೆ. ಗರಗಸ, ಸ್ಯಾಂಡರ್, ಕ್ಲ್ಯಾಂಪು, ಪಾಲಿಶ್, ಮೇಲೆ ಕುಶನ್ ಫೋಮ್, ಎಲ್ಲ ಕೂಡಿಸಿದರೆ ಆ ದುಡ್ಡಿಗೆ ಒಂದು ಸಾದಾ ಮರದ ದಿವಾನ್ ಬರುತ್ತದೆ. ಫೋಮ್ ಒಂದರ ಬೆಲೆ ಕೇಳಿದರೇ ನಿಮ್ಮ ಯಜಮಾನರು ಸುಮ್ಮನಾಗುತ್ತಾರೆ. ಅಷ್ಟಾದರೂ ಮಾಡಿಯೇ ತೀರುತ್ತೇನೆ ಅಂದರೆ ಮರದ ಮೇಲಿನ ಮುದ್ರೆ ನೋಡಿ ತರಲಿ. ಎಚ್‌ಟಿ ಅಂತ ಇದ್ದರೆ ಕಾಯಿಸಿ ಹುಳ ಕೊಂದ ಮರ, ಪರವಾಗಿಲ್ಲ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟದ್ದು, ಮನೆಯೊಳಗೆ ತರಲೇಬೇಡಿ. ಮುದ್ರೆಯೇ ಇಲ್ಲದ ಮರ, ಎಣ್ಣೆ ಕಲೆ ಇರುವ ಮರ, ಅದೂ ಬೇಡ.

ಶೆಲ್ಫ್ ವಿಚಾರ. ಪುಸ್ತಕದ ತೂಕವನ್ನು ಜನ ಲಘುವಾಗಿ ತೆಗೆದುಕೊಳ್ಳುತ್ತಾರೆ. ಮೂರು ಅಡಿ ಉದ್ದದ ಹಲಗೆ ತುಂಬ ಪುಸ್ತಕ ಇಟ್ಟರೆ 25-30 ಕೆಜಿ ಆಗುತ್ತದೆ. 18 ಎಂಎಂ ಪ್ಲೈವುಡ್ ಆದರೂ ಮೂರು ಅಡಿಗಿಂತ ಉದ್ದಕ್ಕೆ ಆಧಾರ ಇಲ್ಲದೆ ಬಿಟ್ಟರೆ ನಿಧಾನಕ್ಕೆ ಬಾಗುತ್ತದೆ. ಪ್ಲೈವುಡ್ ತರುವುದಾದರೆ ಹಾಲ್‌ಗೆ 303 ಗ್ರೇಡ್ ಸಾಕು, 710 ಅನ್ನುವುದು ನೀರು ತಾಗುವ ಜಾಗಕ್ಕೆ. ಅಂಗಡಿಯಲ್ಲೇ ಅಳತೆ ಕೊಟ್ಟು ಕತ್ತರಿಸಿಕೊಳ್ಳಿ.

ಗೋಡೆಗೆ ಡ್ರಿಲ್ ಹಾಕುವ ಮೊದಲು ಗೋಡೆ ಯಾವುದು ಅಂತ ಬಿಲ್ಡರ್ ಕಡೆಯವರನ್ನು ಕೇಳಿ. ಈಚಿನ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಮೈವಾನ್ ಅನ್ನುತ್ತಾರಲ್ಲ, ಗೋಡೆಯೇ ಪೂರ್ತಿ ಕಾಂಕ್ರೀಟ್. ಮನೆಬಳಕೆಯ ಡ್ರಿಲ್ ಅಲ್ಲಿ ಬರೀ ಕಿರುಚುತ್ತದೆ, ರೋಟರಿ ಹ್ಯಾಮರ್ ಬೇಕು. ಹಗುರವಾದ ಎಎಸಿ ಬ್ಲಾಕ್ ಗೋಡೆ ಆದರೆ ಉಲ್ಟಾ, ಡ್ರಿಲ್ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ, ಆದರೆ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಭಾರ ತಡೆಯುವುದಿಲ್ಲ, ಅದಕ್ಕೇ ಅಂತ ಬೇರೆ ಪ್ಲಗ್ ಇವೆ. ಯಾವ ಗೋಡೆಯೇ ಆಗಲಿ, ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತೂತು ಹಾಕಬೇಡಿ. ವೈರಿನ ಪೈಪು ಸಾಮಾನ್ಯವಾಗಿ ಅಲ್ಲೇ ಹೋಗಿರುತ್ತದೆ. ಬಾತ್‌ರೂಮ್ ಹಿಂದಿನ ಗೋಡೆಯಲ್ಲಿ ನೀರಿನ ಪೈಪು.

ನನ್ನ ಮಟ್ಟಿಗೆ ಡ್ರಿಲ್ ಮೆಷಿನ್ ಕೊಳ್ಳುವುದೇ ದಂಡ. ಪರದೆ ರಾಡ್, ಶೆಲ್ಫ್, ಗಡಿಯಾರ, ದೇವರ ಫೋಟೋ, ಎಲ್ಲದಕ್ಕೂ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟು ಒಬ್ಬ ಕಾರ್ಪೆಂಟರ್‌ನನ್ನು ಅರ್ಧ ದಿನಕ್ಕೆ ಕರೆಸಿ. ಮುಗಿಯಿತು.

ಬಣ್ಣದ ಮೇಸ್ತ್ರಿ, ಮೈಸೂರು:

ಲೆಕ್ಕದವರು ಹೇಳಿದ ಡ್ರಿಲ್ ಮಾತು ಸರಿ. ಒಂದೇ ಸೇರಿಸುತ್ತೇನೆ, ತೂತೆಲ್ಲ ಮುಗಿದ ಮೇಲೆ ಬಣ್ಣ, ಮೊದಲಲ್ಲ. ಶೆಲ್ಫಿಗೆ ನಮ್ಮ ಮೈಸೂರು ಕಡೆಯ ಹಳೇ ಉಪಾಯ ಇದೆಯಲ್ಲ, ಕಡಪ ಕಲ್ಲು. ಸಾಲಿಡ್ ಬ್ಲಾಕ್ ಮೇಲೆ ಕಡಪ ಹಲಗೆ, ಅದರ ಮೇಲೆ ಮತ್ತೆ ಬ್ಲಾಕ್, ಮತ್ತೆ ಹಲಗೆ. ಡ್ರಿಲ್ ಬೇಡ, ಮೊಳೆ ಬೇಡ, ಗೆದ್ದಲು ಹತ್ತುವುದಿಲ್ಲ. ಕಲ್ಲಿನಂಗಡಿಯಲ್ಲೇ ಅಳತೆಗೆ ಕತ್ತರಿಸಿ ಅಂಚು ಪಾಲಿಶ್ ಮಾಡಿಕೊಡುತ್ತಾರೆ. ಬ್ಲಾಕಿಗೆ ಉಳಿದ ಪ್ರೈಮರ್, ಉಳಿದ ಬಣ್ಣ ಹೊಡೆಯಿರಿ.

ಲೆಕ್ಕದವನು:

ಕಡಪ ಒಳ್ಳೆಯ ಐಡಿಯಾ, ಒಪ್ಪಿದೆ. ಆದರೆ ಮೂರಡಿ ಉದ್ದ ಒಂದಡಿ ಅಗಲದ ಒಂದು ಹಲಗೆಯೇ 15 ಕೆಜಿ ಹತ್ತಿರ ತೂಗುತ್ತದೆ. ಎರಡು ಹಂತಕ್ಕೆ ನಿಲ್ಲಿಸಿ. ಮನೆಯಲ್ಲಿ ಓಡಾಡುವ ಮಗು ಇದ್ದರೆ ಇದು ಬೇಡವೇ ಬೇಡ.

ಸಾಗರದ ಮೇಷ್ಟ್ರು:

ಗೋಡೆಯ ಮಾತು ಬಂದಿದ್ದಕ್ಕೆ ನಾನೂ ಸೇರಿಕೊಳ್ಳುತ್ತೇನೆ. ಈಗ ಎಲ್ಲರ ಮನೆಯಲ್ಲೂ ಅದೇ ಬುದ್ಧನ ಸ್ಟಿಕ್ಕರ್, ಅದೇ ಮರದ ಕೊಂಬೆಯ ಮೇಲೆ ಕೂತ ಹಕ್ಕಿ. ದುಡ್ಡು ಕೊಟ್ಟು ಅದನ್ನು ಅಂಟಿಸುವ ಬದಲು ಚಿತ್ತಾರ ಪ್ರಯತ್ನಿಸಿ. ನಮ್ಮ ಸಾಗರ, ಸೊರಬ ಕಡೆ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುತ್ತಾರಲ್ಲ, ಅದು. ಕೆಮ್ಮಣ್ಣು ಬಳಿದ ಗೋಡೆ, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಮದುವೆ ಮನೆಯಲ್ಲಿ ಹಸೆ ಗೋಡೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ.

ಫ್ಲ್ಯಾಟಿನ ಪುಟ್ಟಿ ಹಚ್ಚಿದ ಗೋಡೆಗೆ ಕೆಮ್ಮಣ್ಣು ನಿಲ್ಲುವುದಿಲ್ಲ, ಅಕ್ಕಿ ಹಿಟ್ಟಿಗೆ ಇರುವೆ ಬರುತ್ತವೆ. ಅದಕ್ಕೆ ಎರಡಡಿ ಚೌಕದ ತೆಳು ಪ್ಲೈವುಡ್ ಹಲಗೆ ತೆಗೆದುಕೊಳ್ಳಿ. ಪ್ರೈಮರ್ ಹೊಡೆದು, ಮೇಲೆ ಇಟ್ಟಿಗೆ ಕೆಂಪು ಅಕ್ರಿಲಿಕ್ ಬಣ್ಣ ಎರಡು ಕೋಟ್. ಪೂರ್ತಿ ಒಣಗಿದ ಮೇಲೆ ಪೆನ್ಸಿಲ್‌ನಲ್ಲಿ ಹಗುರವಾಗಿ ಚೌಕಳಿ ಎಳೆದುಕೊಂಡು ಬಿಳಿ ಅಕ್ರಿಲಿಕ್‌ನಲ್ಲಿ ಗೆರೆ. ಸ್ಕೇಲ್ ಇಟ್ಟು ಎಳೆಯಬೇಡಿ, ಕೈಗೆರೆಯ ಸಣ್ಣ ನಡುಕವೇ ಅದರ ಅಂದ. ಮೊದಲಿಗೆ ಅಂಚಿನ ಪಟ್ಟಿ ಮಾತ್ರ ಬರೆಯಿರಿ, ಒಂದರ ಪಕ್ಕ ಒಂದು ಗೆರೆ, ನಡುವೆ ಸಣ್ಣ ತ್ರಿಕೋನಗಳು. ಕೈ ಕುದುರಿದ ಮೇಲೆ ತೇರು, ಏಣಿ, ಭತ್ತದ ತೆನೆ. ಹಲಗೆ ಗೋಡೆಗೆ ನೇತುಹಾಕುವುದು, ಮನೆ ಬದಲಿಸಿದರೆ ಜೊತೆಗೆ ಬರುತ್ತದೆ.

ಆದರೆ ಒಂದು ಮನವಿ. ದೊಡ್ಡದು ಬೇಕು, ನಿಜವಾದದ್ದು ಬೇಕು ಅನ್ನಿಸಿದರೆ ಬರೆಯುವವರ ಹತ್ತಿರವೇ ಕೊಳ್ಳಿ. ಅದು ಅವರ ಕೈಯ ಕೆಲಸ, ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸುವ ವಸ್ತು ಅಲ್ಲ.

ಬಿದಿರು ಬುಟ್ಟಿ:

ಯಾರೂ ಲೈಟ್ ಬಗ್ಗೆ ಮಾತಾಡಲೇ ಇಲ್ಲ! ನನ್ನ ಪ್ರಕಾರ ಮೊದಲ ಖರ್ಚು ಅದೇ. ಬಿಲ್ಡರ್‌ಗಳು ಹಾಕಿಕೊಡುವುದು ಬಹುತೇಕ 6500 ಕೆಲ್ವಿನ್‌ನ ಬಿಳಿ ಲೈಟು. ಅದರಡಿ ಇಳಕಲ್ ಸೀರೆಯ ಪರದೆಯೂ ಆಸ್ಪತ್ರೆಯ ಪರದೆ ತರಾನೇ ಕಾಣುವುದು. ಹಾಲ್, ಬೆಡ್‌ರೂಮಿಗೆ 2700 ಅಥವಾ 3000 ಅಂತ ಬರೆದಿರುವ ವಾರ್ಮ್ ವೈಟ್ ಬಲ್ಬ್ ತನ್ನಿ, 9 ವ್ಯಾಟ್ ಸಾಕು. ಓದುವ ಜಾಗ, ಅಡುಗೆಮನೆಯಲ್ಲಿ ಬಿಳಿಯೇ ಇರಲಿ. ಫಾಲ್ಸ್ ಸೀಲಿಂಗ್ ಇಲ್ಲದಿದ್ದರೆ ಏನೂ ನಷ್ಟ ಇಲ್ಲ, ಮೂಲೆಯಲ್ಲೊಂದು ನಿಲ್ಲುವ ದೀಪ, ಊಟದ ಜಾಗದ ಮೇಲೊಂದು ತೂಗುದೀಪ, ಅಷ್ಟೇ.

ತೂಗುದೀಪಕ್ಕೆ ಬಿದಿರಿನ ಬುಟ್ಟಿ ಬೋರಲು ಹಾಕಿದರೆ ಸಾಕು. ಎಷ್ಟೋ ಊರುಗಳಲ್ಲಿ ಮೇದಾರ ಕೇರಿ ಇದೆ, ಹೆಣೆಯುವವರಿಗೇ ಹೇಳಿದರೆ ಸಂದಿ ಬಿಟ್ಟು ಹೆಣೆದುಕೊಡುತ್ತಾರೆ, ಬೆಳಕು ಗೋಡೆ ಮೇಲೆ ಚೆನ್ನಾಗಿ ಬೀಳುತ್ತದೆ. ಎಲ್‌ಇಡಿ ಬಲ್ಬ್ ಮಾತ್ರ ಹಾಕಿ, ಹಳೆ ತಂತಿ ಬಲ್ಬ್ ಬಿಸಿಗೆ ಬಿದಿರು ಸುಡುತ್ತದೆ. ಬುಟ್ಟಿಯ ಭಾರ ವೈರಿನ ಮೇಲೆ ಬೀಳಬಾರದು, ಸೀಲಿಂಗ್ ಹುಕ್ಕಿಗೆ ಬೇರೆ ಹಗ್ಗ ಕಟ್ಟಿ. ವೈರಿನ ಜೋಡಣೆ ಎಲೆಕ್ಟ್ರಿಷಿಯನ್ ಮಾಡಲಿ, ಇದರಲ್ಲಿ ನಾವೇ ಮಾಡಿದೆವು ಅನ್ನುವ ಹೆಮ್ಮೆ ಬೇಡ.

ಇನ್ನೊಂದು, ಬಿಲ್ಡರ್ ಕೊಟ್ಟ ವಾರ್ಡ್‌ರೋಬಿನ ಸ್ಟೀಲ್ ಹಿಡಿಗಳನ್ನು ಬಿಚ್ಚಿ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಹಿಡಿ ಹಾಕಿ. ಸ್ಕ್ರೂಡ್ರೈವರ್ ಒಂದಿದ್ದರೆ ಆಗುವ ಕೆಲಸ. ಒಂದೇ ತೂತಿನ ಹಿಡಿ ಇದ್ದರೆ ನೇರವಾಗಿ ಕೂರುತ್ತದೆ, ಎರಡು ತೂತಿನ ಉದ್ದ ಹಿಡಿ ಇದ್ದರೆ ಉಳಿಯುವ ತೂತಿಗೂ ಒಂದು ಹಿಡಿ ಹಾಕಿಬಿಡಿ, ನಮ್ಮನೆಯಲ್ಲಿ ಹಾಗೇ ಇದೆ, ಬೇಕಂತಲೇ ಮಾಡಿಸಿದ್ದು ಅಂದುಕೊಳ್ಳುತ್ತಾರೆ.

ಗಿಡಕ್ಕೆ ಲಾಲ್‌ಬಾಗ್ ಒಳಗಿನ ನರ್ಸರಿಮೆನ್ ಸಹಕಾರ ಸಂಘಕ್ಕೆ ಹೋಗಿ. ಆದರೆ ಎಲ್ಲವನ್ನೂ ಕೊಳ್ಳಬೇಡಿ. ಮನಿಪ್ಲಾಂಟ್, ದೊಡ್ಡಪತ್ರೆ, ಪುದೀನ ಇವೆಲ್ಲ ಪಕ್ಕದ ಮನೆಯಿಂದ ಒಂದು ತುಂಡು ಕೇಳಿ ತಂದರೆ ಬೇರು ಬಿಡುತ್ತವೆ, ಪರಿಚಯವೂ ಆಗುತ್ತದೆ. ಕುಂಡಕ್ಕೆ ಬರೀ ಕೆಮ್ಮಣ್ಣು ತುಂಬಿದರೆ ಭಾರವೂ ಹೌದು, ನೀರೂ ಇಳಿಯುವುದಿಲ್ಲ. ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಸಮಸಮ ಬೆರೆಸಿ.

ಹೊಸಮನೆಯವಳು:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಅಂಗೈ ಉಜ್ಜಿ ನೋಡಿದೆ, ಪುಡಿ ಬಂತು, ಹಾಗಾಗಿ ಪ್ರೈಮರ್ ಖಂಡಿತ. ಉಪ್ಪು ಎಲ್ಲೂ ಕಾಣಲಿಲ್ಲ. ಗೋಡೆ ಸಾಲಿಡ್ ಬ್ಲಾಕ್ ಅಂತ ಸೈಟ್ ಸೂಪರ್‌ವೈಸರ್ ಹೇಳಿದರು. ಪ್ಯಾಲೆಟ್ ವಿಚಾರ ಯಜಮಾನರಿಗೆ ಓದಿ ಹೇಳಿದೆ, ಫೋಮ್ ಬೆಲೆ ವಿಚಾರಿಸಿಕೊಂಡು ಬಂದು ಮಾತಾಡಿಲ್ಲ.

ನಮ್ಮ ಲೆಕ್ಕ ಹೀಗಿದೆ, ತಪ್ಪಿದ್ದರೆ ಹೇಳಿ. ಬಣ್ಣ, ಪ್ರೈಮರ್, ರೋಲರ್ ಸೇರಿ ಎರಡು ಸಾವಿರ. ಪರದೆಗೆ ಅಸ್ತರ್, ಎರಡು ಕಿಟಕಿಗೆ ಬೇರೆ ಬಟ್ಟೆ, ಹೊಲಿಗೆ, ರಾಡ್ ಎಲ್ಲ ಒಂಬತ್ತು ಸಾವಿರ. ಲೈಟು, ಎಲೆಕ್ಟ್ರಿಷಿಯನ್ ಮೂರು ಸಾವಿರ. ಕಡಪ ಶೆಲ್ಫ್, ಕಾರ್ಪೆಂಟರ್ ಅರ್ಧ ದಿನ ಸೇರಿ ಐದು ಸಾವಿರ. ಗಿಡ, ಕುಂಡ ಎರಡು ಸಾವಿರ. ಒಟ್ಟು 21. ಉಳಿದ 24ರಲ್ಲಿ ಒಂದು ಸಾದಾ ದಿವಾನ್ ಮತ್ತು ಜಮಖಾನ. ಚಿತ್ತಾರ ನಾನೇ ಬರೆಯುತ್ತೇನೆ, ಮಗಳೂ ಕೂರುತ್ತಾಳೆ, ಅವಳು ಐದನೇ ಕ್ಲಾಸು, ಆದ್ದರಿಂದ ಕಡಪ ಕಲ್ಲಿನ ಭಯ ಇಲ್ಲ.

ಅವ್ವನಿಗೆ ಫೋನ್ ಮಾಡಿದೆ. ನಾಲ್ಕು ಸೀರೆ ಕೊಡುತ್ತಾರಂತೆ, ಹಸಿರು ಸೀರೆ ಮುಟ್ಟಬೇಡ ಅಂದಿದ್ದಾರೆ. ಒಂದು ಸೀರೆ ಒಂಬತ್ತು ಗಜದ್ದು. ಅದನ್ನು ಹೇಗೆ ಕತ್ತರಿಸುವುದು? ಮತ್ತೆ ಟೈಲರ್ ಸ್ಟೀಲ್ ರಿಂಗ್ ಹಾಕುವುದಾ, ನೆರಿಗೆ ಪಟ್ಟಿ ಹಾಕುವುದಾ ಅಂತ ಕೇಳುತ್ತಿದ್ದಾನೆ.

ಲೆಕ್ಕದವನು:

ಲೆಕ್ಕ ಚೆನ್ನಾಗಿದೆ. 24ರಲ್ಲಿ ಮೂರು ಸಾವಿರ ಹಾಗೇ ಬಿಡಿ. ಬಾಗಿಲಿಗೆ ಮ್ಯಾಟು, ಬಾತ್‌ರೂಮಿಗೆ ಕೊಕ್ಕೆ, ಎಕ್ಸ್‌ಟೆನ್ಷನ್ ಬಾಕ್ಸು, ಇಂಥ ಚಿಲ್ಲರೆ ಖರ್ಚು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಧಾರವಾಡದಾಕೆ:

ಹಸಿರು ಸೀರೆ ಮುಟ್ಟಬೇಡ, ಅವ್ವ ಹೇಳಿದ ಮೇಲೆ ಮುಗಿಯಿತು.

ಒಂಬತ್ತು ಗಜ ಅಂದರೆ 27 ಅಡಿ. ಏಳೂವರೆಯ ಮೂರು ತುಂಡು ತೆಗೆದರೂ ನಾಲ್ಕೂವರೆ ಅಡಿ ಉಳಿಯುತ್ತದೆ. ಹಾಲ್‌ನ ಬಾಲ್ಕನಿ ಬಾಗಿಲು ಅಗಲ ಇರುತ್ತದಲ್ಲ, ಅದಕ್ಕೆ ಆ ಮೂರು ತುಂಡು ಇಡು. ಕತ್ತರಿಸುವ ಮೊದಲು ರಾಡ್ ಹಾಕಿಸಿ, ರಾಡಿನಿಂದ ನೆಲದ ತನಕ ಟೇಪ್ ಹಿಡಿದು ಅಳೆ, ಬಾಗಿಲನ್ನಲ್ಲ. ರಾಡನ್ನು ಬಾಗಿಲ ಚೌಕಟ್ಟಿಗಿಂತ ನಾಲ್ಕೈದು ಇಂಚು ಮೇಲೆ, ಎರಡೂ ಪಕ್ಕ ಅರ್ಧರ್ಧ ಅಡಿ ಹೊರಗೆ ಚಾಚಿ ಹಾಕಿಸಿದರೆ ಪರದೆ ಸರಿಸಿದಾಗ ಬೆಳಕಿಗೆ ಅಡ್ಡ ಬರುವುದಿಲ್ಲ. ತುಂಡು ಗಿಡ್ಡವಾದರೆ ಕೆಳಗೆ ಬೇರೆ ಬಣ್ಣದ ಖಣದ ಪಟ್ಟಿ ಜೋಡಿಸು, ಅದೂ ಚಂದವೇ.

ರಿಂಗ್ ಬೇಡ. ರಿಂಗಿಗೆ ಬಟ್ಟೆಯಲ್ಲಿ ತೂತು ಕೊರೆಯಬೇಕು, ಹಳೆಯ ಸೀರೆ ಅಲ್ಲಿಂದಲೇ ಹರಿಯುತ್ತದೆ. ನೆರಿಗೆ ಪಟ್ಟಿ ಹೊಲಿಸಿ ಕೊಕ್ಕೆ ಹಾಕಿಸು. ಬೇರೆ ಬಟ್ಟೆಯ ಪರದೆಗಳಿಗೆ ರಿಂಗ್ ಹಾಕಿಸಿದರೂ ಆದೀತು, ಆದರೆ ಒಂದು ಪರದೆಗೆ ಎಂಟೋ ಹತ್ತೋ, ಸರಿಸಂಖ್ಯೆ ಇರಲಿ ಅಂತ ಟೈಲರ್‌ಗೆ ಹೇಳು. ಏಳೋ ಒಂಬತ್ತೋ ಹಾಕಿದರೆ ಒಂದು ತುದಿ ಗೋಡೆ ಕಡೆ, ಇನ್ನೊಂದು ತುದಿ ನಿನ್ನ ಕಡೆ ತಿರುಗಿ ನಿಲ್ಲುತ್ತದೆ.